ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಸಂಶೋಧಕರಿಗೊಂದು ಕುರ್ಚಿ

ಕರ್ನಾಟಕದ ಯಾವುದೇ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಲೆಕ್ಕಪತ್ರ ಇಡುವವರಿರುತ್ತಾರೆ, ಲಸಿಕೆಯ ದಾಸ್ತಾನು ನೋಡಿಕೊಳ್ಳುವವರಿರುತ್ತಾರೆ, ಉಪಕೇಂದ್ರಗಳಿಂದ ಬಂದ ಅಂಕಿಗಳನ್ನು ತಿಂಗಳು ತಿಂಗಳು ಗಣಕಯಂತ್ರಕ್ಕೆ ಏರಿಸುವವರಿರುತ್ತಾರೆ. ಆದರೆ ಆ ಅಂಕಿಗಳು ಹಾಗೇಕೆ ಇವೆ ಎಂದು ಕೇಳುವುದನ್ನೇ ಉದ್ಯೋಗವಾಗಿ ಉಳ್ಳವರು ಸಾಮಾನ್ಯವಾಗಿ ಇರುವುದಿಲ್ಲ. ಹಾಗೆ ಕೇಳುವವರು ಇರುವುದು ಬೇರೆ ಕಡೆ, ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ, ರಾಜಧಾನಿಯ ಸಂಶೋಧನಾ ಸಂಸ್ಥೆಗಳಲ್ಲಿ. ಅವರು ಪ್ರಶ್ನಾವಳಿ ಹಿಡಿದು ತಾಲ್ಲೂಕಿಗೆ ಬರುತ್ತಾರೆ, ಆಶಾ ಕಾರ್ಯಕರ್ತೆಯರ ನೆರವಿನಿಂದ ಮನೆಮನೆ ಸುತ್ತುತ್ತಾರೆ, ಮಾಹಿತಿ ಕಟ್ಟಿಕೊಂಡು ಹಿಂದಿರುಗುತ್ತಾರೆ. ಪ್ರಬಂಧ ಅಚ್ಚಾಗುವ ಹೊತ್ತಿಗೆ ಅಧ್ಯಯನಕ್ಕೆ ಅನುಮತಿ ಕೊಟ್ಟಿದ್ದ ಅಧಿಕಾರಿಗೆ ವರ್ಗವಾಗಿರುತ್ತದೆ, ಅವರ ಜಾಗಕ್ಕೆ ಬಂದವರಿಗೆ ಅಂಥದೊಂದು ಅಧ್ಯಯನ ನಡೆದದ್ದೇ ಗೊತ್ತಿರುವುದಿಲ್ಲ.

ಈ ಅಂತರವನ್ನು ಕಡಿಮೆ ಮಾಡಲು ಹಲವು ದೇಶಗಳು ಅನುಸರಿಸುತ್ತಿರುವ ಕ್ರಮವೊಂದನ್ನು ಇಲ್ಲಿ ‘ಒಳನೆಲೆ ಸಂಶೋಧನೆ’ ಎಂದು ಕರೆಯಲಾಗಿದೆ. ಸಂಶೋಧಕರನ್ನು ಆಸ್ಪತ್ರೆ ಅಥವಾ ಆರೋಗ್ಯ ಇಲಾಖೆಯ ಒಳಗೇ ನೆಲೆಗೊಳಿಸಿ, ನಿರ್ಧಾರ ತೆಗೆದುಕೊಳ್ಳುವವರ ಜೊತೆಗೇ ಕೂರಿಸಿ, ಪ್ರಶ್ನೆಯನ್ನು ಇಬ್ಬರೂ ಸೇರಿ ರೂಪಿಸುವಂತೆ, ಉತ್ತರ ಬಂದಾಗ ಅದನ್ನು ಇಬ್ಬರೂ ಸೇರಿ ಹೊರುವಂತೆ ಮಾಡುವುದು ಅದರ ತಿರುಳು. ಸಲಹೆಗಾರರಿಗೂ ಒಳನೆಲೆಯ ಸಂಶೋಧಕರಿಗೂ ವ್ಯತ್ಯಾಸವಿದೆ: ಸಲಹೆಗಾರರು ಉತ್ತರದೊಡನೆ ಬರುತ್ತಾರೆ, ಸಂಶೋಧಕರು ಉತ್ತರ ಗೊತ್ತಿಲ್ಲವೆಂಬುದನ್ನು ಒಪ್ಪಿಕೊಂಡು ಬರುತ್ತಾರೆ. ಮೌಲ್ಯಮಾಪಕರೂ ಬೇರೆಯೇ, ಅವರು ಕೆಲಸ ಮುಗಿದ ಮೇಲೆ ಅಂಕ ಕೊಡುವವರು, ಒಳನೆಲೆಯವರು ಕೆಲಸ ನಡೆಯುತ್ತಿರುವಾಗಲೇ ಅದರ ದಾರಿ ಬದಲಿಸಲು ಸಾಧ್ಯವಾಗುವ ಹೊತ್ತಿನಲ್ಲಿ ಮಾತಾಡುವವರು. ಬ್ರಿಟನ್ನಿನಲ್ಲಿ 2008ರಿಂದ ವಿಶ್ವವಿದ್ಯಾನಿಲಯಗಳನ್ನೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಘಟಕಗಳನ್ನೂ ಜೋಡಿಸುವ ಪ್ರಾದೇಶಿಕ ಒಕ್ಕೂಟಗಳು ಹುಟ್ಟಿಕೊಂಡವು. ಕೆನಡಾ ದೇಶವು 2017ರಲ್ಲಿ ಡಾಕ್ಟರೇಟ್ ಪಡೆದ ಯುವ ಸಂಶೋಧಕರನ್ನು ಆರೋಗ್ಯ ಸಂಸ್ಥೆಗಳೊಳಗೆ ನಿಯೋಜಿಸುವ ಶಿಷ್ಯವೇತನವನ್ನು ಆರಂಭಿಸಿ, ಪ್ರತಿಯೊಬ್ಬರಿಗೂ ವಿಶ್ವವಿದ್ಯಾನಿಲಯದ ಒಬ್ಬ ಮಾರ್ಗದರ್ಶಕರು, ಆಡಳಿತದ ಒಬ್ಬ ಮಾರ್ಗದರ್ಶಕರು ಇರಬೇಕೆಂದು ಕಟ್ಟು ಮಾಡಿತು. ಈ ಜೋಡಿ ಮಾರ್ಗದರ್ಶನದ ಬಗೆಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಪರದೇಶದ ಮಾದರಿಗಳಲ್ಲೇ ಮುಂದುವರಿಯುವ ಮೊದಲು ಮೈಸೂರು ಸೀಮೆಗೆ ಈ ವಿಚಾರ ಹೊಸತೇನಲ್ಲ ಎಂಬುದನ್ನು ನೆನೆಯುವುದು ಒಳ್ಳೆಯದು. 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರನ್ನು ತನ್ನ ಆರೋಗ್ಯಾಡಳಿತದ ಜೊತೆ ಸೇರಿಸಿಕೊಂಡಿತು. ಅವರಲ್ಲೊಬ್ಬರಾದ ಡಬ್ಲ್ಯೂ.ಸಿ. ಸ್ವೀಟ್ ಅವರು ಸಂಸ್ಥಾನದವರೇ ಆದ ಬಿ.ಎ. ರಾವ್ ಅವರೊಡನೆ ಮಲೇರಿಯಾದ ಅಧ್ಯಯನ ನಡೆಸಿ, ಬಯಲುಸೀಮೆಯ ನೀರಾವರಿ ಪ್ರದೇಶಗಳಲ್ಲಿ ರೋಗ ಹರಡುವ ಸೊಳ್ಳೆಯ ಜಾತಿ ಒಂದು, ಮಲೆನಾಡಿನದು ಇನ್ನೊಂದು ಎಂಬುದನ್ನು ಗುರುತಿಸಿದರು. ಕನ್ನಂಬಾಡಿಯ ನಾಲೆ ಹರಿದಲ್ಲೆಲ್ಲ ಭತ್ತವೂ ಕಬ್ಬೂ ಬಂದಂತೆಯೇ ಚಳಿಜ್ವರವೂ ಬರುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸ ಪುಸ್ತಕದ ವಿಷಯವಾಗಿರಲಿಲ್ಲ. ಯಾವ ಗುಂಡಿಗೆ ಔಷಧಿ ಹೊಡೆಯಬೇಕು, ಯಾವುದನ್ನು ಬಿಡಬಹುದು ಎಂಬ ಖರ್ಚಿನ ನಿರ್ಧಾರ ಅದರ ಮೇಲೆ ನಿಂತಿತ್ತು. ಸಂಶೋಧಕರು ಇಲಾಖೆಯ ಹೊರಗಿದ್ದಿದ್ದರೆ ಅದೇ ತಿಳಿವಳಿಕೆ ಇಲಾಖೆಯ ಕೈಗೆ ಬರಲು ಎಷ್ಟು ವರ್ಷ ಹಿಡಿಯುತ್ತಿತ್ತೋ ಹೇಳಲಾಗದು.

ಸ್ವಾತಂತ್ರ್ಯಾನಂತರದ ದೊಡ್ಡ ಉದಾಹರಣೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದು. 1959ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರೂ ಸಮಾಜವಿಜ್ಞಾನಿಗಳೂ ಇದ್ದರು, ಸರ್ಕಾರಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿಕೊಡುವುದೇ ಅವರ ಹೊಣೆಯಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಅಂದಿನ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಬಹುಪಾಲು ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೋರಿ ಹೋಗಿದ್ದರು. ಹೋದವರು ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು. ದೋಷ ರೋಗಿಯದಲ್ಲ, ರೋಗಿ ಹೋದ ಬಾಗಿಲಿನದು ಎಂದಾದ ಮೇಲೆ, ಊರೂರಿಗೆ ಎಕ್ಸ್‌ರೇ ವಾಹನ ಕಳಿಸುವುದಕ್ಕಿಂತ ಕೆಮ್ಮೆಂದು ತಾನಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು ಸರಿಯಾದ ದಾರಿ ಎಂಬ ತತ್ವದ ಮೇಲೆ, ಅಧ್ಯಯನ ಅಚ್ಚಾಗುವ ಮೊದಲೇ, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು. ಅಂದು ಆ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಕೆಲಸ ಮಾಡಿದ ಹಾಫ್‌ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಆದರೂ ಈ ಕಥೆಗೆ ಎರಡನೆಯ ಭಾಗವಿದೆ. ಪ್ರಶ್ನೆಯನ್ನು ಒಮ್ಮೆ ಕೇಳಿ, ಉತ್ತರವನ್ನು ಕೈಪಿಡಿಯಾಗಿ ಬರೆದು ಜಿಲ್ಲೆಗಳಿಗೆ ಕಳಿಸಲಾಯಿತು. ಜಿಲ್ಲೆಯಲ್ಲಿ ಕೈಪಿಡಿ ಉಳಿಯಿತು, ಪ್ರಶ್ನೆ ಕೇಳುವವರು ಉಳಿಯಲಿಲ್ಲ. ಮೂವತ್ತು ವರ್ಷಗಳ ನಂತರ ಆ ಕಾರ್ಯಕ್ರಮ ಸೊರಗಿದೆಯೆಂದು ಕಂಡುಕೊಂಡು 1990ರ ದಶಕದಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು.

ಈಗ ಕಾವೇರಿ ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರಕ್ಕೆ ಬರಬಹುದು. 1989ರಿಂದ ಕುಂಭಮೇಳ ನಡೆಯುವ ಊರೆಂದು ನಾಡಿಗೆ ಗೊತ್ತಿರುವ ಈ ತಾಲ್ಲೂಕು ಆರೋಗ್ಯ ಸಂಶೋಧನೆಯಲ್ಲೂ ಹೆಸರು ಮಾಡಿತ್ತೆಂಬುದು ಆ ಊರಿನವರಿಗೇ ಅಷ್ಟಾಗಿ ಗೊತ್ತಿದ್ದಂತಿಲ್ಲ. ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ನಿಯಂತ್ರಣಕ್ಕಾಗಿ 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್, 1996ರಲ್ಲಿ ಸರ್ಕಾರದಿಂದ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತ್ತು. ಅದರ ಸ್ಥಾಪಕ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ರಚಿಸಿದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಒಪ್ಪಿಸಿತು. ಮರುವರ್ಷ, ಅಂದರೆ 2002ರಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ರಾಜ್ಯದ ಆರೋಗ್ಯ ಇಲಾಖೆ, ನ್ಯಾಷನಲ್ ಇನ್ಶೂರೆನ್ಸ್ ಕಂಪನಿ, ಸಂಶೋಧನೆಯ ಹೊಣೆ ಹೊತ್ತ ಬೆಂಗಳೂರಿನ ಸೆಂಟರ್ ಫಾರ್ ಪಾಪ್ಯುಲೇಷನ್ ಡೈನಮಿಕ್ಸ್ ಇವುಗಳ ಜೊತೆಗೂಡಿ ಕರುಣಾ ಟ್ರಸ್ಟ್ ತಿ. ನರಸೀಪುರದಲ್ಲೂ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲೂ ಸಮುದಾಯ ಆರೋಗ್ಯ ವಿಮೆಯ ಪ್ರಯೋಗವನ್ನು ಆರಂಭಿಸಿತು. ಸಮುದಾಯ ಆರೋಗ್ಯ ವಿಮೆಯೆಂದರೆ ಊರಿನವರೆಲ್ಲ ವರ್ಷಕ್ಕೊಮ್ಮೆ ಚಿಕ್ಕ ಕಂತು ಕಟ್ಟಿ, ಕಾಯಿಲೆ ಬಿದ್ದವರ ಆಸ್ಪತ್ರೆಯ ಖರ್ಚನ್ನು ಆ ಒಟ್ಟು ನಿಧಿಯಿಂದ ಭರಿಸುವ ಏರ್ಪಾಡು.

ಆ ಯೋಜನೆಯ ವಿವರಗಳಲ್ಲೇ ಅದರ ವಿವೇಕ ಅಡಗಿದೆ. ಕಂತು ತಲೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು. ಬಡತನ ರೇಖೆಗಿಂತ ಕೆಳಗಿನ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದನ್ನು ಸಹಾಯಧನದಿಂದಲೇ ಭರಿಸಲಾಗುತ್ತಿತ್ತು. ವಿಮೆ ಅನ್ವಯವಾಗುತ್ತಿದ್ದುದು ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರಿಗೆ. ದಾಖಲಾದ ಪ್ರತಿ ದಿನಕ್ಕೆ ನೂರು ರೂಪಾಯಿಯ ಪರಿಹಾರ, ವರ್ಷಕ್ಕೆ ಗರಿಷ್ಠ 2,500 ರೂಪಾಯಿ, ಎಂದರೆ ಇಪ್ಪತ್ತೈದು ದಿನ. ಆ ನೂರರಲ್ಲಿ ಐವತ್ತು ಔಷಧಿಗೆ, ಇನ್ನೈವತ್ತು ರೋಗಿ ಕಳೆದುಕೊಂಡ ದಿನಗೂಲಿಗೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆಗೆ, ವೈದ್ಯರಿಗೆ ದುಡ್ಡಿಲ್ಲ ಎಂದ ಮೇಲೆ ವಿಮೆಯಾದರೂ ಏಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾದದ್ದೇ. ತಾಲ್ಲೂಕಿನ ಬಾಳನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅದರ ಉತ್ತರ ಹೊಳೆಯುತ್ತದೆ. ಭತ್ತದ ನಾಟಿ, ಕಬ್ಬಿನ ಕಟಾವಿನ ದಿನಗಳಲ್ಲಿ ಕೂಲಿಗೆ ಹೋಗುವವರು ಆಸ್ಪತ್ರೆಯಲ್ಲಿ ಮಲಗಿದರೆ ಆ ದಿನದ ಕೂಲಿ ಹೋಯಿತು, ಜೊತೆಗೆ ನೋಡಿಕೊಳ್ಳಲು ಕೂತವರ ಕೂಲಿಯೂ ಹೋಯಿತು. ಆಸ್ಪತ್ರೆಯಲ್ಲಿ ಔಷಧಿ ಇಲ್ಲವೆಂದು ಹೊರಗೆ ಚೀಟಿ ಬರೆದುಕೊಟ್ಟರೆ ಕೈಯಲ್ಲಿದ್ದದ್ದೂ ಹೋಯಿತು. ಉಚಿತವೆನ್ನುವ ಆಸ್ಪತ್ರೆ ಬಡವರಿಗೆ ದುಬಾರಿಯಾಗುವುದು ಈ ಎರಡು ದಾರಿಗಳಲ್ಲಿ, ಮತ್ತು ಈ ಯೋಜನೆ ಹಣ ಇಟ್ಟದ್ದು ಸರಿಯಾಗಿ ಆ ಎರಡು ತೂತುಗಳಿಗೆ. ವಿಮಾ ಕಂಪನಿಯ ಮೇಜಿನ ಮೇಲೆ ರೂಪುಗೊಂಡ ಯೋಜನೆಯೊಂದು ಶಸ್ತ್ರಚಿಕಿತ್ಸೆಗೆ ಇಷ್ಟು, ಕೊಠಡಿಗೆ ಇಷ್ಟು ಎಂದು ಪಟ್ಟಿ ಮಾಡುತ್ತಿತ್ತೇ ಹೊರತು ಕೂಲಿಯ ಮಾತೆತ್ತುತ್ತಿರಲಿಲ್ಲ. ಸೇವೆ ನಡೆಸುವವರು, ಲೆಕ್ಕ ಅಳೆಯುವವರು, ಇಲಾಖೆಯವರು, ವಿಮೆಯವರು ಒಂದೇ ತಾಲ್ಲೂಕಿನ ಒಂದೇ ಪ್ರಶ್ನೆಯ ಸುತ್ತ ಕೂತದ್ದರ ಫಲ ಆ ಐವತ್ತು ರೂಪಾಯಿ. ಒಳನೆಲೆ ಸಂಶೋಧನೆಯ ಪರವಾಗಿ ಬರೆದ ಎಷ್ಟೋ ಪುಟಗಳ ವಾದಕ್ಕಿಂತ ಆ ಐವತ್ತು ರೂಪಾಯಿಯ ವಾದ ಗಟ್ಟಿಯಾದದ್ದು.

ಮುಂದಾದದ್ದು ಅಷ್ಟು ಸಂತೋಷದ ಸಂಗತಿಯಲ್ಲ. 2008ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ಕುಟುಂಬಕ್ಕೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿವರೆಗಿನ ಆಸ್ಪತ್ರೆ ಖರ್ಚು, ನೋಂದಣಿಗೆ ಮೂವತ್ತು ರೂಪಾಯಿ, ಕೈಗೊಂದು ಸ್ಮಾರ್ಟ್ ಕಾರ್ಡ್, ಪ್ರಯಾಣಕ್ಕೆ ಸಣ್ಣ ಮೊತ್ತ. 2010ರಲ್ಲಿ ಕಲಬುರಗಿ ವಿಭಾಗದಿಂದ ಮೊದಲಾಗಿ ವಾಜಪೇಯಿ ಆರೋಗ್ಯಶ್ರೀ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ ಬಂದು ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಸೇರಿ ಅರ್ಹ ಕುಟುಂಬಕ್ಕೆ ಐದು ಲಕ್ಷ ರೂಪಾಯಿವರೆಗಿನ ರಕ್ಷಣೆಯಾಯಿತು. ಮೊತ್ತ ಬೆಳೆಯಿತು, ಆಸ್ಪತ್ರೆಗಳ ಪಟ್ಟಿ ಬೆಳೆಯಿತು, ಹೃದಯ ಶಸ್ತ್ರಚಿಕಿತ್ಸೆಯಂಥ ದೊಡ್ಡ ಚಿಕಿತ್ಸೆಗಳು ಬಡವರ ಕೈಗೆಟುಕಿದವು. ಇವೆಲ್ಲವೂ ನಿಜವಾದ ಲಾಭಗಳೇ. ಆದರೆ ಇವುಗಳಲ್ಲಿ ಯಾವುದರಲ್ಲೂ ದಿನಗೂಲಿಯ ನಷ್ಟಕ್ಕೆ ಜಾಗವಿರಲಿಲ್ಲ. ತಿ. ನರಸೀಪುರದ ಪಾಠ ತಪ್ಪೆಂದು ಯಾರೂ ತೋರಿಸಿ ಕೈಬಿಟ್ಟದ್ದಲ್ಲ. ಆ ಪಾಠವನ್ನು ಇಲಾಖೆಯ ಒಳಗೆ ಇಟ್ಟುಕೊಂಡು, ಮುಂದಿನ ಯೋಜನೆಯ ಕರಡು ಬರೆಯುವ ದಿನ ಮೇಜಿನ ಮೇಲಿಡುವ ಹೊಣೆಯ ಹುದ್ದೆಯೇ ಇರಲಿಲ್ಲ. ಪಾಠ ಯೋಜನೆಯ ಜೊತೆ ಬಂದಿತ್ತು, ಯೋಜನೆಯ ಜೊತೆಗೇ ಹೋಯಿತು. ಘಾನಾ ದೇಶದ ಉತ್ತರದ ನವ್ರೊಂಗೊದಲ್ಲಿ ಹಾಗಾಗಲಿಲ್ಲ. ಅಲ್ಲಿನ ಸಂಶೋಧನಾ ಕೇಂದ್ರ ಸರ್ಕಾರಿ ಆರೋಗ್ಯ ವ್ಯವಸ್ಥೆಯದೇ ಅಂಗವಾಗಿದ್ದುದರಿಂದ, ದಾದಿಯರನ್ನು ಹಳ್ಳಿಯೊಳಗೇ ನೆಲೆಸುವಂತೆ ಮಾಡಿದ 1990ರ ದಶಕದ ಪ್ರಯೋಗ ಕೆಲವೇ ವರ್ಷಗಳಲ್ಲಿ ಇಡೀ ದೇಶದ ನೀತಿಯಾಯಿತು.

ತಿ. ನರಸೀಪುರದ ಪಕ್ಕದ ನಂಜನಗೂಡಿನ ಸಂದರ್ಭ ಅದಕ್ಕಿಂತ ಭಿನ್ನವಾದದ್ದು. ಅಲ್ಲಿ ಸಂಶೋಧನೆಗೆ ಬರವಿಲ್ಲ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಶ್ವಾಸರೋಗ ತಜ್ಞರು ಮೈಸೂರು ಮತ್ತು ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂವತ್ತು ದಾಟಿದ ಸುಮಾರು ನಾಲ್ಕು ಸಾವಿರ ಮಹಿಳೆಯರನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಅದಕ್ಕೊಂದು ನಿದರ್ಶನ. ಸೌದೆ, ಬೆರಣಿ, ಕಡ್ಡಿಕಸಗಳ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಕಳೆಯುತ್ತಾರೆ ಎಂಬುದನ್ನು ಎಷ್ಟು ವರ್ಷದಿಂದ ಅಡುಗೆ ಮಾಡುತ್ತಿದ್ದಾರೆ ಎಂಬುದರಿಂದ ಗುಣಿಸಿದರೆ ಬರುವ ಅಂಕಿಗೆ ಹೊಗೆಯ ಸೂಚ್ಯಂಕ ಎನ್ನಬಹುದು. ಆ ಅಂಕಿ ಅರವತ್ತು ಮುಟ್ಟಿದಲ್ಲಿಂದ ದೀರ್ಘಕಾಲದ ಕಫಗೆಮ್ಮಿನ, ಅಂದರೆ ಕ್ರಾನಿಕ್ ಬ್ರಾಂಕೈಟಿಸ್‌ನ, ಅಪಾಯ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ: ಅರವತ್ತು. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ಮೂವತ್ತೆಂಟಕ್ಕೆ ಆ ಗೆರೆ ದಾಟಿರುತ್ತಾಳೆ. ಹೊಸ್ತಿಲಲ್ಲಿ ನಿಂತು, ಉಪಕರಣವೊಂದೂ ಇಲ್ಲದೆ, ಆಶಾ ಕಾರ್ಯಕರ್ತೆ ಬಾಯಿಲೆಕ್ಕದಲ್ಲೇ ಹೇಳಬಹುದಾದ ಇಷ್ಟು ಸರಳವಾದ ಸಂಖ್ಯೆ ಸಂಶೋಧನೆಯಲ್ಲಿ ಸಿಗುವುದು ಅಪರೂಪ. ಆದರೆ ಪತ್ರಿಕೆಯ ಪುಟದಲ್ಲಿರುವ ಸಂಖ್ಯೆ ಆಶಾ ದಿನಚರಿಯೊಳಗೆ ತಾನಾಗಿ ನಡೆದುಬರುವುದಿಲ್ಲ. ಅದನ್ನು ಕನ್ನಡಕ್ಕೆ ತರಬೇಕು, ನಮೂನೆಯಲ್ಲೊಂದು ಅಂಕಣ ಬೇಕು, ಗೆರೆ ದಾಟಿದವರನ್ನು ಯಾವ ವಾರ ಯಾವ ಆಸ್ಪತ್ರೆಗೆ ಕಳಿಸಬೇಕೆಂಬುದು ತೀರ್ಮಾನವಾಗಬೇಕು, ಅಲ್ಲಿ ಉಸಿರಿನ ಪರೀಕ್ಷೆಯ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಬೇಕು. ಇದಾವುದೂ ಪ್ರಬಂಧ ಬರೆದವರ ಅಧಿಕಾರದಲ್ಲಿಲ್ಲ, ಎಲ್ಲವೂ ತಾಲ್ಲೂಕು ಆರೋಗ್ಯಾಧಿಕಾರಿಯ ಮಾಸಿಕ ಸಭೆಯಲ್ಲಿ ತೀರ್ಮಾನವಾಗುವಂಥವು.

ದಾಖಲೆಗಳ ವಿಷಯದಲ್ಲೂ ಇದೇ ಮಾತು. ಮೈಸೂರಿನ ಸಿ.ಎಸ್.ಐ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವು ಬರೀ ಹಳೆಯ ಕಾಗದಗಳಾಗಿದ್ದವು. 1990ರ ದಶಕದಲ್ಲಿ ಸಂಶೋಧಕರು ಬಂದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದಾಗ, ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ಹನ್ನೊಂದು, ಮೂರು ಕಿಲೋಗೆ ಮೇಲ್ಪಟ್ಟವರಲ್ಲಿ ನೂರಕ್ಕೆ ಮೂರು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡುಬಂತು. 1996ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಂದ ಆ ಆಸ್ಪತ್ರೆಯೊಳಗೇ ಸಂಶೋಧನಾ ಘಟಕವೊಂದು ಬೇರೂರಿತು, ಗರ್ಭಿಣಿಯರ ಮಧುಮೇಹ ಮತ್ತು ಅವರ ಮಕ್ಕಳ ಬೆಳವಣಿಗೆಯ ದೀರ್ಘ ಅಧ್ಯಯನಗಳು ಅಲ್ಲಿ ಮುಂದುವರಿದವು. ತಾಲ್ಲೂಕುಗಳ ತಾಯಿ ಕಾರ್ಡು, ಹೆರಿಗೆ ವಹಿ, ಸಾವಿನ ವಹಿಗಳಲ್ಲಿ ಅಂಥದೇ ಎಷ್ಟು ಉತ್ತರಗಳು ಕೇಳುವವರಿಲ್ಲದೆ ಕೂತಿವೆಯೋ.

ಕೋವಿಡ್ ಕಾಲವು ಬೇರೊಂದು ಪಾಠವನ್ನು ಕಲಿಸಿತು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿ, ಅವರ ಮನೆಯವರಿಗೂ ತಗಲಿ, ರಾಜ್ಯದ ಕಣ್ಣೆಲ್ಲ ಆ ಊರಿನ ಮೇಲೆ ಬಿತ್ತು. ಸೋಂಕು ಎಲ್ಲಿಂದ ಬಂತೆಂಬ ಒಂದೇ ಪ್ರಶ್ನೆ ತಿಂಗಳುಗಟ್ಟಲೆ ಸುದ್ದಿಯಾಯಿತು. ಮೂಲ ಹುಡುಕುವುದಕ್ಕಿಂತ ಹರಡುವಿಕೆಯನ್ನು ಅಳೆಯುವುದು ಆಡಳಿತಕ್ಕೆ ಹೆಚ್ಚು ಬೇಕಾಗಿದ್ದ ತಿಳಿವಳಿಕೆಯಾಗಿತ್ತು ಎಂದು ಈಗ ಹಿಂತಿರುಗಿ ನೋಡಿದಾಗ ಅನ್ನಿಸದಿರದು. ಅದೇ ವರ್ಷ ಸರ್ಕಾರ ತಾಂತ್ರಿಕ ಸಲಹಾ ಸಮಿತಿಯನ್ನು ಜೊತೆಗಿರಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗಳ ಗಣಿತಜ್ಞರು ಇಲಾಖೆಯ ವೈದ್ಯರೊಡನೆ ಕೂತು, ಸೆಪ್ಟೆಂಬರಿನಲ್ಲಿ ರಾಜ್ಯದ ಆಗಿನ ಮೂವತ್ತೂ ಜಿಲ್ಲೆಗಳ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿಯ ರಕ್ತ ಮತ್ತು ಗಂಟಲುದ್ರವದ ಸಮೀಕ್ಷೆಯನ್ನು ರೂಪಿಸಿದರು. ನೂರರಲ್ಲಿ ಸುಮಾರು ಇಪ್ಪತ್ತೇಳು ಮಂದಿಗೆ ಸೋಂಕು ಆಗ ಇತ್ತು ಅಥವಾ ಅದಕ್ಕೂ ಮೊದಲೇ ತಗಲಿಹೋಗಿತ್ತು ಎಂದು ಅದರಿಂದ ತಿಳಿಯಿತು. ನಿರ್ಧಾರಕರೂ ಸಂಶೋಧಕರೂ ಒಂದೇ ಕೊಠಡಿಯಲ್ಲಿ ಕೂತರೆ ವಾರಗಳಲ್ಲಿ ಆಗುವ ಕೆಲಸವಿದು ಎಂಬುದು ಸಿದ್ಧವಾಯಿತು. ಆದರೆ ಆ ಕೊಠಡಿ ಬೆಂಗಳೂರಿನಲ್ಲಿತ್ತು, ಮತ್ತು ಅದು ಸಂಕಟಕಾಲದ ಕೊಠಡಿಯಾಗಿತ್ತು.

ತಾಲ್ಲೂಕಿನಲ್ಲಿ ನಿರ್ಧಾರವೆಂಬುದು ಇದೆಯೇ, ಅಲ್ಲಿರುವುದು ಮೇಲಿನಿಂದ ಬಂದ ಗುರಿಯನ್ನು ಮುಟ್ಟಿಸುವ ಕೆಲಸ ಮಾತ್ರವಲ್ಲವೇ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದರಲ್ಲಿ ಸ್ವಲ್ಪ ಸತ್ಯವಿದೆ, ಸಂಪೂರ್ಣ ಸತ್ಯವಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಪ್ರತಿ ತಿಂಗಳ ಒಂಬತ್ತನೆಯ ತಾರೀಖಿಗೆ ಎಂಬುದು ದೆಹಲಿಯ ತೀರ್ಮಾನ. ಆದರೆ ಆ ದಿನ ಹುಲ್ಲಹಳ್ಳಿಯ ಕಡೆಯ ಗರ್ಭಿಣಿಯರು ನಂಜನಗೂಡಿಗೆ ಬರಬೇಕೋ, ಅಥವಾ ವೈದ್ಯರೇ ಅತ್ತ ಹೋಗಬೇಕೋ. ಸ್ಕ್ಯಾನಿಂಗ್ ಎಷ್ಟು ಗಂಟೆಗೆ ಮೊದಲಾಗಬೇಕು. ಕಾಡಂಚಿನ ಹೆಡಿಯಾಲದ ಸುತ್ತಿನವರು ಸಂಜೆ ಆನೆ ದಾರಿಗೆ ಬರುವ ಮೊದಲು ಮನೆ ಸೇರಲು ಎಷ್ಟು ಹೊತ್ತಿಗೆ ಅವರನ್ನು ಬಿಡಬೇಕು. ಬನ್ನೂರು, ಮೂಗೂರು, ತಲಕಾಡು ಕಡೆಯವರಿಗೆ ಸಂತೆಯ ದಿನ ಅಡ್ಡಿಯೋ ಅನುಕೂಲವೋ ಎಂಬಂಥವು ಇಲ್ಲಿಯೇ ತೀರ್ಮಾನವಾಗಬೇಕಾದವು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಕೈಯಲ್ಲಿರುವ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದೂ ಹಾಗೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಕೊಠಡಿ ಇದ್ದೂ ಹೆರಿಗೆಗೆ ಬಂದವರನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸಬೇಕಾಗುವುದು ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ, ಅರಿವಳಿಕೆ ತಜ್ಞರಿಲ್ಲದ್ದಕ್ಕೋ ರಕ್ತವಿಲ್ಲದ್ದಕ್ಕೋ ಬರೀ ಭಯಕ್ಕೋ ಎಂದು ಆರು ತಿಂಗಳ ವಹಿಯನ್ನು ಕೂತು ಓದಿದವರು ಹೇಳಬಲ್ಲರು, ಪ್ರಗತಿ ಪರಿಶೀಲನಾ ಸಭೆಯ ಶೇಕಡಾವಾರು ಪಟ್ಟಿ ಹೇಳಲಾರದು.

ಅಪಾಯಗಳನ್ನು ಮುಚ್ಚಿಡುವುದು ಸರಿಯಲ್ಲ. ಒಳಗೆ ಕೂತ ಸಂಶೋಧಕರನ್ನು ಮೊದಲ ತಿಂಗಳಲ್ಲೇ ವರದಿ ಟೈಪು ಮಾಡಲು, ಎರಡನೆಯ ತಿಂಗಳಲ್ಲಿ ಸಭೆಗೆ ಪವರ್‌ಪಾಯಿಂಟ್ ತಯಾರಿಸಲು ಹಚ್ಚಿ, ವರ್ಷ ತುಂಬುವುದರೊಳಗೆ ಇನ್ನೊಬ್ಬ ಗುಮಾಸ್ತರನ್ನಾಗಿ ಮಾಡಿಕೊಳ್ಳುವ ಶಕ್ತಿ ನಮ್ಮ ಕಚೇರಿಗಳಿಗೆ ಧಾರಾಳವಾಗಿದೆ. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಬೇರೆ: ದಿನವೂ ಜೊತೆಗೆ ಊಟ ಮಾಡುವವರ ತಪ್ಪನ್ನು ಬರೆಯಲು ಕೈ ಹಿಂಜರಿಯುತ್ತದೆ. ತಾಯಿ ಮರಣವೊಂದರ ಹಿಂದೆ ಆಂಬುಲೆನ್ಸಿನ ವಿಳಂಬವಿತ್ತೋ ಕರ್ತವ್ಯದ ವೈದ್ಯರ ಗೈರುಹಾಜರಿಯಿತ್ತೋ ಎಂಬುದನ್ನು ಬರೆಯುವ ಸ್ವಾತಂತ್ರ್ಯವಿಲ್ಲದ ಸಂಶೋಧಕರು ಒಳಗಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆನಡಾದ ಜೋಡಿ ಮಾರ್ಗದರ್ಶನಕ್ಕೆ ಬೆಲೆ ಬರುವುದು ಇಲ್ಲಿ: ಸಂಬಳ ಮತ್ತು ಬಡ್ತಿ ವಿಶ್ವವಿದ್ಯಾನಿಲಯದ ಕೈಯಲ್ಲಿ, ಪ್ರಶ್ನೆಯ ಆಯ್ಕೆ ಇಬ್ಬರ ಕೈಯಲ್ಲಿ, ಪ್ರಕಟಣೆಯ ಹಕ್ಕು ಸಂಶೋಧಕರ ಕೈಯಲ್ಲಿ ಇರಬೇಕು; ಆಡಳಿತಕ್ಕೆ ಉತ್ತರವನ್ನು ಮೊದಲು ನೋಡುವ ಹಕ್ಕಿರಬೇಕು, ಅದನ್ನು ತಡೆಯುವ ಹಕ್ಕಿರಬಾರದು. ಜನರ ಒಪ್ಪಿಗೆಯ ವಿಷಯವೂ ಹಗುರಾದದ್ದಲ್ಲ. ಸರ್ಕಾರಿ ಆಸ್ಪತ್ರೆಯ ಹಾಸಿಗೆಯ ಮೇಲಿರುವವರು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಆ ಹೂಂಕಾರವನ್ನು ಒಪ್ಪಿಗೆಯೆಂದು ತಿಳಿಯದಿರುವ ಎಚ್ಚರ, ಮತ್ತು ಚಿಕಿತ್ಸೆಗೂ ಅಧ್ಯಯನಕ್ಕೂ ಸಂಬಂಧವಿಲ್ಲವೆಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ತಾಳ್ಮೆ, ಒಳಗಿನವರಿಗೆ ಹೊರಗಿನವರಿಗಿಂತ ಹೆಚ್ಚು ಬೇಕು.

ವರ್ಗಾವಣೆಯ ಮಾತು ಕೊನೆಗೆ ಉಳಿಯುತ್ತದೆ, ಮತ್ತು ಅದೇ ಇಡೀ ವಿಷಯದ ಗಂಟು. ಅಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ. ಅದನ್ನು ನಿಲ್ಲಿಸಲಾಗದು, ನಿಲ್ಲಿಸಬೇಕೆಂದೂ ಇಲ್ಲ. ಆದ್ದರಿಂದಲೇ ಪ್ರಶ್ನೆಯ ನೆನಪನ್ನು ಒಬ್ಬ ವ್ಯಕ್ತಿಯಲ್ಲಿ ಅಥವಾ ಮೂರು ವರ್ಷದ ಯೋಜನೆಯಲ್ಲಿ ಇಡದೆ ಒಂದು ಕುರ್ಚಿಯಲ್ಲಿ ಇಡಬೇಕು. ಯೋಜನೆಗೆ ಮುಕ್ತಾಯದ ದಿನವಿರುತ್ತದೆ, ಕುರ್ಚಿಗೆ ಇರುವುದಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ, ಹಿಂದಿನವರ ವಹಿ ಮುಂದಿನವರ ಕೈಗೆ ಬರುತ್ತದೆ.

ಇದಕ್ಕೆ ಬೇಕಾದದ್ದು ಹತ್ತಿರದಲ್ಲೇ ಇದೆ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು ಮತ್ತು 1984ರ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು, ಎರಡಕ್ಕೂ ಸಮುದಾಯ ವೈದ್ಯಶಾಸ್ತ್ರದ ವಿಭಾಗಗಳಿವೆ; ಅಲ್ಲಿ ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೊಂದು ವಿಷಯ ಹುಡುಕುತ್ತಾರೆ. ಆ ವಿಷಯಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕುವ ಬದಲು ನಂಜನಗೂಡು ಮತ್ತು ತಿ. ನರಸೀಪುರದ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೇಜಿನಿಂದ ಎತ್ತಿಕೊಳ್ಳಲಿ; ತಲಾ ಒಬ್ಬರು ಸಂಶೋಧಕರನ್ನು ಆ ಎರಡು ಕಚೇರಿಗಳಲ್ಲಿ ಕೂರಿಸುವ ಒಪ್ಪಂದಕ್ಕೆ ಕಾಲೇಜುಗಳೂ ಜಿಲ್ಲಾ ಪಂಚಾಯಿತಿಯೂ ಸಹಿ ಹಾಕಲಿ. ತಿ. ನರಸೀಪುರದಲ್ಲಿ ಕೂರುವವರಿಗೆ ಮೊದಲ ಪ್ರಶ್ನೆಯನ್ನು ಹೊಸದಾಗಿ ಹುಡುಕುವ ಶ್ರಮವೂ ಇಲ್ಲ: ಆಸ್ಪತ್ರೆಯಲ್ಲಿ ಮಲಗಿದ ದಿನದ ಕೂಲಿಯನ್ನು ಯಾರು ಕೊಡಬೇಕು ಎಂಬುದು 2002ರಿಂದ ಅಲ್ಲೇ ಕಾದಿದೆ.